ದೋಣಿಯ ಮುಚ್ಚಳಕ್ಕೆ ಅಚ್ಚು ಮಾಡಲು ಹೋಗಿ

ಹೋದ ಮಳೆಗಾಲದಲ್ಲಿ ಅಪ್ಪಯ್ಯನ ದೋಣಿಯ ಮುಚ್ಚಳ ಹೊಳೆ ಪಾಲಾಯಿತು. ನಮ್ಮದು ಗಂಗೊಳ್ಳಿಯ ಹತ್ತಿರ, ಪಂಚಗಂಗಾವಳಿಯ ದಡ. ಹಳೆಯ ಚಿಕ್ಕ ಫೈಬರ್ ದೋಣಿ. ಮುಂದೆ ಎರಡು, ಹಿಂದೆ ಎರಡು ಪೆಟ್ಟಿಗೆಗಳಿವೆ. ಬಲೆ, ಹಗ್ಗ, ಲೈಫ್ ಜಾಕೆಟ್ ಎಲ್ಲ ಅದರೊಳಗೆ. ಒಂದು ಮುಚ್ಚಳ ಹೋಯಿತು, ಎರಡು ಒಡೆದಿದ್ದವು, ನಾಲ್ಕನೆಯದಕ್ಕೆ ಅಪ್ಪಯ್ಯ ಸೈಕಲ್ ಟ್ಯೂಬ್ ಸುತ್ತಿ ಇಟ್ಟಿದ್ದರು. ಮಳೆ ಬಂದರೆ ಪೆಟ್ಟಿಗೆ ತುಂಬ ನೀರು.

ಈ ದೋಣಿ ಮಾಡಿಕೊಟ್ಟ ಯಾರ್ಡ್ ಈಗಿಲ್ಲ. ಬೇರೆ ಯಾರ್ಡಿನಲ್ಲಿ ಕೇಳಿದೆ. ಈ ಅಳತೆಯ ಅಚ್ಚು ಅವರಲ್ಲಿರಲಿಲ್ಲ. ಹೊಸ ಅಚ್ಚು ಸೇರಿಸಿ ನಾಲ್ಕು ಮುಚ್ಚಳಕ್ಕೆ 22,000 ರೂಪಾಯಿ ಹೇಳಿದರು, ಅದೂ ಆಗಸ್ಟ್ ನಂತರ. ಅವರದ್ದೂ ತಪ್ಪಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕಡಲಿನಲ್ಲಿ ದೊಡ್ಡ ಬೋಟುಗಳಿಗೆ ಮೀನುಗಾರಿಕೆ ರಜೆ. ಅವೆಲ್ಲ ಆಗ ರಿಪೇರಿಗೆ ಬರುತ್ತವೆ. ಅವುಗಳ ನಡುವೆ ನಮ್ಮ ಮುಚ್ಚಳವನ್ನು ಯಾರು ಕೇಳುತ್ತಾರೆ?

ಹಾಗಾಗಿ ಸೌರ ಯುಗಾದಿಯ ಮರುದಿನ, ಏಪ್ರಿಲ್ 15ಕ್ಕೆ, ಮನೆಯಲ್ಲೇ ಮಾಡುತ್ತೇನೆ ಅಂತ ಹೊರಟೆ. ನನ್ನದು ಮೊಬೈಲ್ ರಿಪೇರಿ ಅಂಗಡಿ. ಕೈಕೆಲಸ ಗೊತ್ತು ಅನ್ನುವ ಧೈರ್ಯ. ಹತ್ತು ದಿನ ಸಾಕು ಅಂದುಕೊಂಡಿದ್ದೆ. ಮುಗಿದದ್ದು ಮೇ 29ಕ್ಕೆ.

ಅಪ್ಪಯ್ಯನಿಗೆ ಲೆಕ್ಕ ಅರ್ಥವಾಗಲಿಲ್ಲ. "ದೋಣಿಗೆ ಮುಚ್ಚಳ ಬೇಕ್, ಮುಚ್ಚಳಕ್ಕೆ ಅಚ್ಚ್ ಬೇಕ್. ಅಚ್ಚಿಗೆ ಎಂತ ಬೇಕ್?" ಅಂತ ಕೇಳಿದರು. ಪ್ಲಗ್ ಅಂದೆ. ಸುಮ್ಮನೆ ಎದ್ದು ಹೋದರು.

ಅವರ ಪ್ರಶ್ನೆ ನಿಮಗೂ ಬರಬಹುದು. ಮೊದಲು ಮುಚ್ಚಳದ ಹೊರರೂಪವನ್ನೇ ಮರದಲ್ಲಿ ಮಾಡಿ ನಯ ಮಾಡಬೇಕು. ಅದೇ ಪ್ಲಗ್. ಅದರ ಮೇಲೆ ಫೈಬರ್ ಹಚ್ಚಿ ಬಿಡಿಸಿದರೆ ಅಚ್ಚು. ಅಚ್ಚಿನ ಒಳಗೆ ಮತ್ತೆ ಫೈಬರ್ ಹಚ್ಚಿ ಬಿಡಿಸಿದರೆ ಮುಚ್ಚಳ. ಪ್ಲಗ್ಗಿನ ಮೇಲೆ ಒಂದು ಗೀರಿದ್ದರೆ ಅದು ಅಚ್ಚಿಗೂ ಬರುತ್ತದೆ, ಮುಂದಿನ ಪ್ರತಿ ಮುಚ್ಚಳಕ್ಕೂ ಬರುತ್ತದೆ. ನಿಮಗೆ ಒಂದೇ ಒಂದು ಭಾಗ ಬೇಕಿದ್ದರೆ ಇಷ್ಟೆಲ್ಲ ಬೇಡ. ಪ್ಲೈವುಡ್ಡಿನಲ್ಲಿ ಮಾಡಿ ಹೊರಗಿಂದ ಎರಡು ಪದರ ಫೈಬರ್ ಹಚ್ಚಿ, ಉಜ್ಜಿ, ಪೇಂಟ್ ಹೊಡೆಯಿರಿ. ಮೂರ್ನಾಲ್ಕು ಬೇಕಿದ್ದರೆ ಮಾತ್ರ ಅಚ್ಚು.

ಸಾಮಾನಿಗೆ ಮಲ್ಪೆಗೆ ಹೋದೆ. ಮೊದಲು ಆನ್‌ಲೈನಿನಲ್ಲಿ ತರಿಸಲು ನೋಡಿದ್ದೆ. ರೆಸಿನ್ ಅಂದರೆ ಗಟ್ಟಿಯಾಗುವ ಅಂಟು ದ್ರವ, ಮ್ಯಾಟ್ ಅಂದರೆ ಗಾಜಿನ ಎಳೆಗಳ ಹಾಳೆ. ಇವೆರಡೂ ಸೇರಿದ್ದೇ ಫೈಬರ್. ಎರಡೂ ಸಿಗುತ್ತದೆ. ಆದರೆ ರೆಸಿನ್ ಗಟ್ಟಿಮಾಡುವ ಹಾರ್ಡ್ನರ್ ಕಳಿಸಲು ಕೊರಿಯರಿನವರು ಒಪ್ಪಲಿಲ್ಲ. ಅದು ಪೆರಾಕ್ಸೈಡ್, ಬೆಂಕಿಯ ಅಪಾಯದ ಮಾಲು. ಅಲ್ಲಿಗೇ ನಾಲ್ಕು ದಿನ ಹೋಯಿತು. ಬಂದರಿನ ಹತ್ತಿರದ ಅಂಗಡಿಗಳಲ್ಲಿ ಎಲ್ಲವೂ ಒಂದೇ ಕಡೆ ಸಿಗುತ್ತದೆ, ಬಿಡಿಯಾಗಿ ಕಿಲೋ ಲೆಕ್ಕದಲ್ಲೂ ಕೊಡುತ್ತಾರೆ. ಬಸ್ಸಿನಲ್ಲಿ ಮಾತ್ರ ತರಬೇಡಿ. ನಾನು ಸ್ನೇಹಿತನ ಓಮ್ನಿಯಲ್ಲಿ, ಹಾರ್ಡ್ನರನ್ನು ಮುಂದೆ ಕಾಲ ಬಳಿ, ಕೋಬಾಲ್ಟನ್ನು ಹಿಂದೆ ದೂರದಲ್ಲಿ ಇಟ್ಟುಕೊಂಡು ಬಂದೆ.

ಈ ಎರಡರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ರೆಸಿನ್ ಗಟ್ಟಿಯಾಗಲು ಎರಡು ಬೇಕು. ಒಂದು ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಿಲರೇಟರ್. ಇನ್ನೊಂದು ನೀರಿನ ಹಾಗೆ ಕಾಣುವ ಹಾರ್ಡ್ನರ್, ಎಂಇಕೆಪಿ ಅಂತ ಬರೆದಿರುತ್ತದೆ. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸಿಡಿಯುತ್ತದೆ. ಮೊದಲು ರೆಸಿನ್‌ಗೆ ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್ನರ್. ಸಾಧ್ಯವಾದರೆ ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನನ್ನೇ ಕೇಳಿ ತನ್ನಿ. ನಾನು ಎರಡನೇ ಸಲ ಹಾಗೇ ಮಾಡಿದೆ. ಹಾರ್ಡ್ನರ್ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕನ್ನಡಕ ಹಾಕದೆ ಬಾಟಲಿಯ ಮುಚ್ಚಳ ತೆಗೆಯಬೇಡಿ.

ಕೆಲಸಕ್ಕೆ ಜಾಗ ನಮ್ಮ ಖಾಲಿ ಹಟ್ಟಿ. ದನ ಮಾರಿ ಆರು ವರ್ಷವಾಯಿತು. ಮೂರು ಕಡೆ ತೆರೆದದ್ದು, ಗಾಳಿ ಓಡಾಡುತ್ತದೆ. ಆದರೂ ರೆಸಿನ್ ವಾಸನೆ ಮನೆಯೊಳಗೆ ಬಂದು ಮಗಳು ತಲೆನೋವು ಅಂದಳು. ಆ ದಿನದಿಂದ ಗಾಳಿ ಹೊಳೆಯ ಕಡೆ ಬೀಸುವಾಗ ಮಾತ್ರ ಕೆಲಸ. ಕೊರೊನಾ ಕಾಲದ ಬಟ್ಟೆ ಮಾಸ್ಕ್ ಇದಕ್ಕೆ ಪ್ರಯೋಜನವಿಲ್ಲ. ರಾಸಾಯನಿಕ ಹೊಗೆಗೆ ಅಂತಲೇ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬರುತ್ತದೆ. 1,400 ರೂಪಾಯಿ ಜಾಸ್ತಿ ಅನಿಸಿತು. ಮೊದಲ ದಿನ ಅದಿಲ್ಲದೆ ಕೆಲಸ ಮಾಡಿ ರಾತ್ರಿಯಿಡೀ ತಲೆ ತಿರುಗಿದ ಮೇಲೆ ಹೋಗಿ ತಂದೆ.

ಮೊದಲ ಪ್ಲಗ್ಗನ್ನು ಬಡಗಿಯಿಂದ ಮಾಡಿಸಿದೆ. 30 ಇಂಚು ಉದ್ದ, 24 ಇಂಚು ಅಗಲ, ಎರಡು ಇಂಚು ಎತ್ತರ. ಮೂಲೆಮಟ್ಟ ಇಟ್ಟು ನೋಡಿದರೂ ಕೂದಲೆಳೆ ವ್ಯತ್ಯಾಸವಿಲ್ಲದ 90 ಡಿಗ್ರಿ. ಚೂಪಾದ ಅಂಚುಗಳು. ನೋಡಿ ಹೆಮ್ಮೆಯಾಯಿತು. ಅದರ ಮೇಲೆ ಪುಟ್ಟಿ, ಪ್ರೈಮರ್, ಮತ್ತೆ ಪುಟ್ಟಿ. 120 ನಂಬರಿನ ಮರಳು ಕಾಗದದಿಂದ ಶುರುಮಾಡಿ ಇನ್ನೂ ನಯವಾದ 220, 400, ನಂತರ ನೀರು ಹಾಕಿ ಉಜ್ಜುವ ವಾಟರ್ ಪೇಪರ್ 600, 800, 1000. ಏಳು ದಿನ ಸಂಜೆ ಅಂಗಡಿ ಮುಚ್ಚಿ ಬಂದು ಇದೇ ಕೆಲಸ. ಹೆಂಡತಿ ಒಂದು ದಿನ ಬಂದು ನೋಡಿ, "ಕನ್ನಡಿ ಮಾಡ್ತಾ ಇದ್ದೀರಾ?" ಅಂದಳು.

ಅಚ್ಚು ಪ್ಲಗ್ಗಿಗೆ ಅಂಟದಿರಲಿ ಅಂತ ಏಪ್ರಿಲ್ 25ಕ್ಕೆ ವ್ಯಾಕ್ಸ್ ಹಚ್ಚಿದೆ. ಹೊಸ ಪ್ಲಗ್ಗಿಗೆ ಐದಾರು ಸಲ ಹಚ್ಚಬೇಕು, ಪ್ರತಿ ಸಲ ಒರೆಸಿ ಹೊಳಪು ತಂದು ಒಂದು ತಾಸು ಬಿಡಬೇಕು ಅಂತ ಓದಿದ್ದೆ. ನಾನು ಎರಡು ಸಲ ಹಚ್ಚಿದೆ. ಆಕಾಶ ಕಪ್ಪಾಗಿತ್ತು, ಅಡ್ಡಮಳೆ ಬಂದೀತು ಅಂತ ಅವಸರ. ವ್ಯಾಕ್ಸಿನ ಮೇಲೆ ಪಿವಿಎ ಅಂತ ಒಂದು ದ್ರವ ಹಚ್ಚುತ್ತಾರೆ. ಒಣಗಿದರೆ ತೆಳು ಪ್ಲಾಸ್ಟಿಕ್ ಹಾಳೆಯ ಹಾಗೆ ನಿಲ್ಲುತ್ತದೆ, ಫೈಬರ್ ಅಂಟದ ಹಾಗೆ ತಡೆಯುತ್ತದೆ. ಬ್ರಷ್ಷಿನಲ್ಲಿ ಹಚ್ಚಿದೆ. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ಕೂಡಿಕೊಂಡಿತು. ಸೆಕೆ, ತೇವದ ಗಾಳಿ, ಎರಡು ತಾಸಾದರೂ ಒಣಗಲಿಲ್ಲ. ಇರಲಿ ಅಂತ ಮುಂದುವರಿಸಿದೆ.

ಅದೇ ರಾತ್ರಿ ಇನ್ನೊಂದು ಅವಾಂತರ. ಒಂದೂವರೆ ಕಿಲೋ ರೆಸಿನ್ ಒಂದೇ ಬಕೆಟ್ಟಿನಲ್ಲಿ ಕಲಸಿ ಇಟ್ಟಿದ್ದೆ. ಗಿರಾಕಿಯೊಬ್ಬರ ಫೋನ್ ಬಂತು. ಹತ್ತು ನಿಮಿಷ ಮಾತಾಡಿ ಬರುವಷ್ಟರಲ್ಲಿ ಬಕೆಟ್ಟಿನಿಂದ ಹೊಗೆ! ಪ್ಲಾಸ್ಟಿಕ್ ಮೆತ್ತಗಾಗಿ ಒಂದು ಬದಿಗೆ ವಾಲಿತ್ತು. ಗಟ್ಟಿಯಾಗುವಾಗ ರೆಸಿನ್ ತಾನೇ ಬಿಸಿಯಾಗುತ್ತದೆ. ಒಂದೇ ಕಡೆ ಜಾಸ್ತಿ ಇದ್ದರೆ ಬಿಸಿ ಹೊರಗೆ ಹೋಗುವುದಿಲ್ಲ, ಇನ್ನೂ ಬೇಗ ಗಟ್ಟಿಯಾಗುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಅರ್ಧರ್ಧ ಕಿಲೋ ಕಲಸಿ. ಒಂದು ಕಿಲೋಗೆ 10 ಮಿಲಿ ಹಾರ್ಡ್ನರ್ ನಮ್ಮ ಏಪ್ರಿಲ್ ಸೆಕೆಗೆ ಸಾಕು. ಮೆಡಿಕಲ್ ಶಾಪಿನ ಸಿರಿಂಜಿನಲ್ಲಿ ಅಳೆಯಿರಿ, ಕಣ್ಣಂದಾಜು ಬೇಡ. ನನಗೆ ಸಿಗುತ್ತಿದ್ದ ಸಮಯ ಹದಿನೈದು ನಿಮಿಷ. ಫೋನ್ ಮನೆಯೊಳಗೆ ಬಿಟ್ಟು ಬನ್ನಿ.

ಹೇಗೋ ಎರಡು ದಿನದಲ್ಲಿ ಪದರಗಳನ್ನು ಹಾಕಿ ಮುಗಿಸಿದೆ. 29ಕ್ಕೆ ಬಿಡಿಸಲು ಕೂತೆ. ಏಳಲಿಲ್ಲ. ಮರದ ಬೆಣೆ ಹೊಡೆದೆ, ನೀರು ಬಿಟ್ಟೆ, ರಬ್ಬರ್ ಸುತ್ತಿಗೆಯಿಂದ ಬಡಿದೆ. ಅಪ್ಪಯ್ಯ, ನಾನು, ಪಕ್ಕದ ಮನೆಯ ಹುಡುಗ ಮೂವರೂ ಎಳೆದೆವು. ಸಂಜೆ ಆರಕ್ಕೆ ಒಂದು ಮೂಲೆ ಬಿಟ್ಟಿತು, ಪ್ಲಗ್ಗಿನ ಪುಟ್ಟಿಯನ್ನೂ ಮರದ ಚಕ್ಕೆಯನ್ನೂ ಕಿತ್ತುಕೊಂಡು. ಅಚ್ಚೂ ಹೋಯಿತು, ಪ್ಲಗ್ಗೂ ಹೋಯಿತು. ಹಟ್ಟಿಯ ದಂಡೆಯ ಮೇಲೆ ಕೂತು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಸುಮಾರು ಐದು ಸಾವಿರದ ಸಾಮಾನು, ಹದಿನಾಲ್ಕು ದಿನ.

ಮರುದಿನ ಅಪ್ಪಯ್ಯ ಹೇಳದೆ ಕೇಳದೆ ಒಬ್ಬರನ್ನು ಕರೆದುಕೊಂಡು ಬಂದರು. ಮೂವತ್ತು ವರ್ಷ ದೋಣಿ ಕಟ್ಟುವ ಯಾರ್ಡಿನಲ್ಲಿ ಕೆಲಸ ಮಾಡಿ ಈಗ ಮನೆಯಲ್ಲಿರುವವರು. ನಾನು ಮಾವ ಅಂತ ಕರೆಯುತ್ತೇನೆ. ಒಡೆದ ಪ್ಲಗ್ಗನ್ನು ಕಾಲಿನಿಂದ ತಿರುಗಿಸಿ ನೋಡಿದರು.

"ಇಡ್ಲಿ ತಟ್ಟೆ ಕಂಡಿದ್ಯಾ ಮಾರಾಯಾ? ಅದ್ರ ಗುಳಿಗೆ ನೆಟ್ಟಗಿನ ಗೋಡಿ ಇದ್ರೆ ಇಡ್ಲಿ ಏಳತ್ತಾ?"

ಅಷ್ಟೇ ವಿಷಯ. ಗೋಡೆ ಓರೆ ಇರಬೇಕು. ಎರಡಿಂಚು ಎತ್ತರಕ್ಕೆ ನಾಲ್ಕೈದು ಮಿಲಿಮೀಟರ್ ಆದರೂ ಒಳಗೆ ವಾಲಿರಬೇಕು. ಚೂಪಾದ ಅಂಚು ಕೂಡದು, ಅಲ್ಲಿ ಮ್ಯಾಟ್ ಮಡಚುವುದಿಲ್ಲ, ಗಾಳಿ ನಿಲ್ಲುತ್ತದೆ. ಕಿರುಬೆರಳಿನಷ್ಟು ಉರುಟು ಬೇಕು. ನಂತರ ಅವರು ಜೇಬಿನಿಂದ ಟೇಪ್ ತೆಗೆದು ದೋಣಿಯ ಹತ್ತಿರ ಹೋದರು. ವಾಪಸ್ ಬಂದು, "ನೀ ತಕಂಡದ್ದ್ ಹೊರ ಅಳತಿಯಾ, ಒಳ ಅಳತಿಯಾ?" ಅಂದರು.

ನನ್ನ ಮುಖ ಸಪ್ಪಗಾಯಿತು. ಅಚ್ಚು ಕೊಡುವುದು ಮುಚ್ಚಳದ ಹೊರರೂಪ. ಮುಚ್ಚಳದ ದಪ್ಪ ಒಳಗಡೆಗೆ ಬೆಳೆಯುತ್ತದೆ. ಮುಚ್ಚಳ ಪೆಟ್ಟಿಗೆಯ ಬಾಯಿಯನ್ನು ಹೊರಗಿಂದ ಕವಿದು ಕೂರಬೇಕು. ಅದರ ಒಳಗೆ ಇರಬೇಕಾದ ಅಳತೆಯನ್ನೇ ನಾನು ಪ್ಲಗ್ಗಿಗೆ ಕೊಟ್ಟಿದ್ದೆ. ನಾಲ್ಕು ಮಿಲಿಮೀಟರ್ ದಪ್ಪ, ಎರಡೂ ಬದಿ ಸೇರಿ ಎಂಟು. ಅಚ್ಚು ಚೆನ್ನಾಗಿ ಬಿಟ್ಟುಬಂದಿದ್ದರೆ, ನಾಲ್ಕು ಮುಚ್ಚಳ ಮಾಡಿ ಮುಗಿಸಿದ ಮೇಲೆ ಒಂದೂ ಕೂರುತ್ತಿರಲಿಲ್ಲ! ಅಂಟಿಕೊಂಡದ್ದೇ ಒಳ್ಳೆಯದಾಯಿತು ಅಂತ ಆ ಹೊತ್ತಿಗೆ ಸಮಾಧಾನ ಮಾಡಿಕೊಂಡೆ.

ಮಾವ ಹೇಳಿಕೊಟ್ಟ ಇನ್ನೊಂದು ಉಪಾಯ ನನ್ನ ವಾರವನ್ನೇ ಉಳಿಸಿತು. ಚಪ್ಪಟೆ ಮೈಗೆ ಪುಟ್ಟಿ ಹಚ್ಚಿ ಉಜ್ಜುವ ಬದಲು ಹೊಳಪಿನ ಸನ್ಮೈಕಾ ಹಾಳೆ ಅಂಟಿಸುವುದು. ಅದರ ಮೈ ಆಗಲೇ ಕನ್ನಡಿ. ಉರುಟು ಅಂಚುಗಳಿಗೆ ಮಾತ್ರ ಪುಟ್ಟಿ, ಪ್ರೈಮರ್, ವಾಟರ್ ಪೇಪರ್. ಅಡಿಗೂ ಸನ್ಮೈಕಾ ಹಾಕಿದ ಹಲಗೆ, ಪ್ಲಗ್ಗಿಗಿಂತ ಸುತ್ತಲೂ ನಾಲ್ಕಿಂಚು ದೊಡ್ಡದು. ಅದರ ಮೇಲೆ ಹರಡುವ ಫೈಬರೇ ಅಚ್ಚಿನ ಅಂಚುಪಟ್ಟಿ, ಬಿಡಿಸುವಾಗ ಕೈಗೆ ಸಿಗುವ ಜಾಗ. ಪ್ಲಗ್ ಮತ್ತು ಹಲಗೆ ಸೇರುವ ಸಂದಿಗೆ ಮಗಳ ಆಟದ ಕ್ಲೇ ಒತ್ತಿ ಬೆರಳಿನಿಂದ ಸವರಿದೆ. ಅವಳ ಹಸಿರು ಕ್ಲೇ ಪೂರ್ತಿ ಮುಗಿಯಿತು. ಅದಕ್ಕೆ ಬೇರೆ ಜಗಳ.

ಎರಡನೇ ಪ್ಲಗ್ ಮೇ 9ಕ್ಕೆ ತಯಾರು. ಈ ಸಲ ವ್ಯಾಕ್ಸ್ ಆರು ಸಲ. ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಪಿವಿಎಯನ್ನು ಬೆಳಿಗ್ಗೆ ಹತ್ತು ಗಂಟೆಯ ಒಣ ಬಿಸಿಲಿನ ಹೊತ್ತಿಗೆ, ಚಿಕ್ಕ ಸ್ಪ್ರೇ ಗನ್ನಿನಲ್ಲಿ ಮಂಜಿನ ಹಾಗೆ ಮೂರು ಸಲ ಹೊಡೆದೆ. ಮೊದಲ ಸಲದ್ದು ಬರೀ ಮಬ್ಬು ಕಾಣುವಷ್ಟು ತೆಳು. ಹನಿ ಕೂಡಲಿಲ್ಲ.

ಆಮೇಲೆ ಜೆಲ್‌ಕೋಟ್, ಅಂದರೆ ಮೈಯ ಹೊಳಪು ಕೊಡುವ ದಪ್ಪ ರೆಸಿನ್. ಅಚ್ಚಿಗೆ ಕಪ್ಪು ಬಣ್ಣದ್ದು ತಂದಿದ್ದೆ, ಒಳಗೆ ಬಿಳಿ ಜೆಲ್‌ಕೋಟ್ ಹಚ್ಚುವಾಗ ಎಲ್ಲಿ ತೆಳುವಾಯಿತು ಅಂತ ಕಾಣಲಿ ಅಂತ. ಎರಡು ಸಲ ಹಚ್ಚಿದೆ. ಬೆರಳಿಟ್ಟರೆ ಅಂಟಂಟು ಅನಿಸಬೇಕು, ಆದರೆ ಬೆರಳಿಗೆ ಬಣ್ಣ ಹತ್ತಬಾರದು. ಅದೇ ಮುಂದಿನ ಪದರಕ್ಕೆ ಸರಿಯಾದ ಹೊತ್ತು. ಒಂದು ಮೂಲೆಯಲ್ಲಿ ಮಾತ್ರ ತೆಳುವಾಗಿತ್ತು. ಅದರ ಮೇಲೆ ರೆಸಿನ್ ಬಿದ್ದ ಕೂಡಲೇ ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಎದೆ ಧಸಕ್ ಅಂತು. ಅಂಗೈಯಷ್ಟು ಜಾಗ. ಅಚ್ಚು ಬಿಡಿಸಿದ ಮೇಲೆ ಅದನ್ನು ಕೆರೆದು, ಜೆಲ್‌ಕೋಟ್ ತುಂಬಿ, ಉಜ್ಜಿ ಸರಿಮಾಡಿದೆ. ಈಗಲೂ ಬಿಸಿಲಿಗೆ ಹಿಡಿದರೆ ಗೊತ್ತಾಗುತ್ತದೆ.

ಮೊದಲ ಮ್ಯಾಟ್ 300 ಗ್ರಾಂನದ್ದು, ಒಂದೇ ಪದರ. ಅಂಗಡಿಯಲ್ಲಿ 300, 450 ಅಂತ ಹೇಳುವುದು ಒಂದು ಚದರ ಮೀಟರಿನ ತೂಕ. ಇದನ್ನು ಹಾಕಿ ರೋಲರಿನಿಂದ ಒಂದೊಂದು ಗುಳ್ಳೆಯನ್ನೂ ಓಡಿಸಿ ಮರುದಿನದವರೆಗೆ ಬಿಡಬೇಕು. ಆಮೇಲೆ 450ರ ಐದು ಪದರ, ದಿನಕ್ಕೆ ಎರಡಕ್ಕಿಂತ ಜಾಸ್ತಿ ಇಲ್ಲ. ಅವಸರ ಮಾಡಿದರೆ ಬಿಸಿಗೆ ಅಚ್ಚು ಡೊಂಕಾಗುತ್ತದೆ. ಮ್ಯಾಟಿನ ತೂಕದ ಎರಡೂಕಾಲು ಪಟ್ಟು ರೆಸಿನ್ ಹಿಡಿಯಿತು. ಕೊನೆಗೆ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಬೆನ್ನಿಗೆ ಕೌಚಿ ಇಟ್ಟು, ಅದರ ಮೇಲೂ ಮ್ಯಾಟ್ ಹಾಕಿದೆ. ಇದು ಅಚ್ಚಿಗೆ ಪಕ್ಕೆಲುಬು. ಪ್ಲಗ್ಗಿನಿಂದ ಬಿಡಿಸುವ ಮೊದಲೇ ಹಾಕಬೇಕು.

ಫೈಬರಿನ ತುರಿಕೆ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಹಚ್ಚುವಾಗ ಅಷ್ಟಿಲ್ಲ, ಕತ್ತರಿಸುವಾಗ, ಉಜ್ಜುವಾಗಲೇ ಜೀವ ಹೋಗುವುದು. ತುಂಬು ತೋಳಿನ ಅಂಗಿ ಹಾಕಿ, ಮಣಿಕಟ್ಟಿಗೆ ಟೇಪ್ ಸುತ್ತಿ. ಸ್ನಾನ ತಣ್ಣೀರಿನಲ್ಲೇ. ಒಂದು ದಿನ ಮೈಕೈ ನೋವು ಅಂತ ಬಿಸಿನೀರು ಹುಯ್ದುಕೊಂಡು ರಾತ್ರಿ ನಿದ್ದೆ ಬರಲಿಲ್ಲ. ಆ ಬಟ್ಟೆಗಳನ್ನು ಮನೆಯವರ ಬಟ್ಟೆ ಜೊತೆ ಒಗೆಯಬೇಡಿ, ಅಮ್ಮನಿಂದ ಬೈಸಿಕೊಂಡಿದ್ದೇನೆ. ಹಾರ್ಡ್ನರ್ ಒರೆಸಿದ ಬಟ್ಟೆಯನ್ನಂತೂ ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು, ತಾನಾಗಿಯೇ ಹೊತ್ತಿಕೊಳ್ಳಬಹುದು. ನಾನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಇಡುತ್ತಿದ್ದೆ.

ಪದರ ಮುಗಿದ ಮೇಲೆ ನಾಲ್ಕು ದಿನ ಮುಟ್ಟಲಿಲ್ಲ. ಅಪ್ಪಯ್ಯ ದಿನಾ ಬೆಳಿಗ್ಗೆ ಆಕಾಶ ನೋಡಿ, "ಮಳಿ ಬಪ್ಪು ಮೊದ್ಲ್ ಮುಗ್ಸ್" ಅನ್ನುತ್ತಿದ್ದರು. ಮೇ 17ಕ್ಕೆ ಬಿಡಿಸಿದೆ. ಅಂಚಿನ ಸುತ್ತ ಬೆಣೆ ಸಿಕ್ಕಿಸಿ, ಸಂದಿಗೆ ಪೈಪಿನಲ್ಲಿ ನೀರು ಬಿಟ್ಟೆ. ಪಿವಿಎ ನೀರಿಗೆ ಕರಗುತ್ತದೆ, ಬೆಂಡೆಕಾಯಿ ಲೋಳೆಯ ಹಾಗೆ ಹೊರಗೆ ಬಂತು. ಹತ್ತು ನಿಮಿಷ ಏನೂ ಆಗಲಿಲ್ಲ. ನನಗೆ ಕೈ ನಡುಗುತ್ತಿತ್ತು. ಆಮೇಲೆ ಒಳಗಿಂದ ಟಕ್ ಅಂತ ಒಂದು ಸದ್ದು, ಇನ್ನೊಂದು ಸದ್ದು. ಎತ್ತಿದರೆ ಎದ್ದುಬಂತು. ಕಪ್ಪು ಮೈಯಲ್ಲಿ ಹಟ್ಟಿಯ ಹಂಚು, ಅಪ್ಪಯ್ಯನ ಮುಖ ಎರಡೂ ಕಾಣುತ್ತಿತ್ತು.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಅಚ್ಚನ್ನು ಮತ್ತೆ ವಾಟರ್ ಪೇಪರಿನಲ್ಲಿ ಉಜ್ಜಿ, ಹೊಳಪು ಕೊಡುವ ಕಾಂಪೌಂಡ್ ಪೇಸ್ಟ್ ಹಾಕಿ, ಆರು ಸಲ ವ್ಯಾಕ್ಸ್, ಪಿವಿಎ. ಅದಾದ ಮೇಲೆ ಮುಚ್ಚಳ. ಬಿಳಿ ಜೆಲ್‌ಕೋಟ್, 300ರ ಒಂದು ಪದರ, 450ರ ಎರಡು. ಬೆನ್ನಿಗೆ ಪೈಪಿನ ಸೀಳು ಎರಡು, ಅದರ ಮೇಲೆ ಇನ್ನೊಂದು 450. ಹೆಚ್ಚುಳಿದ ಅಂಚನ್ನು ಗಟ್ಟಿಯಾದ ಮೇಲೆ ಗ್ರೈಂಡರಿನಲ್ಲಿ ಕತ್ತರಿಸಿದರೆ ಊರೆಲ್ಲ ಧೂಳು. ಮುಕ್ಕಾಲು ಗಂಟೆಗೆ ರಬ್ಬರಿನ ಹದಕ್ಕೆ ಬಂದಿರುತ್ತದೆ. ಆಗ ಪೇಪರ್ ಕತ್ತರಿಸುವ ಬ್ಲೇಡಿನಲ್ಲಿ ಹಲಸಿನ ಹಣ್ಣಿನ ಸಿಪ್ಪೆಯ ಹಾಗೆ ಸಲೀಸಾಗಿ ಬರುತ್ತದೆ. ಈ ಹದವನ್ನು ಎರಡನೇ ಮುಚ್ಚಳದಲ್ಲಿ ತಪ್ಪಿಸಿಕೊಂಡು ಅರ್ಧ ದಿನ ಒದ್ದಾಡಿದೆ.

ಮೊದಲ ಮುಚ್ಚಳದ ನಾಲ್ಕೂ ಮೂಲೆಯಲ್ಲಿ ಗಾಳಿಗುಳ್ಳೆ. ಹೊರಗಿಂದ ಚಂದ ಕಾಣುತ್ತದೆ, ಉಗುರಿನಿಂದ ಒತ್ತಿದರೆ ಜೆಲ್‌ಕೋಟ್ ಪುಟ್ ಅಂತ ಒಡೆಯುತ್ತದೆ. ಮಾವನಿಗೆ ಫೋನ್ ಮಾಡಿದೆ. ಮ್ಯಾಟಿನ ಎಳೆಗಳನ್ನು ಸಣ್ಣಗೆ ಕತ್ತರಿಸಿ, ಟಾಲ್ಕ್ ಪುಡಿ, ರೆಸಿನ್ ಸೇರಿಸಿ ಚಟ್ನಿಯ ಹದಕ್ಕೆ ಕಲಸಿ ಮೂಲೆಗೆ ಮೊದಲೇ ಮೆತ್ತಲು ಹೇಳಿದರು. ಎರಡನೆಯದರಿಂದ ಆ ತೊಂದರೆ ಇಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ. ರೆಸಿನ್ 24 ಕಿಲೋ, ಸುಮಾರು 5,400. ಜೆಲ್‌ಕೋಟ್ 2,100. ಮ್ಯಾಟ್ ಸುಮಾರು 2,000. ಪ್ಲೈವುಡ್, ಸನ್ಮೈಕಾ, ಬಡಗಿಯ ಕೂಲಿ ಸೇರಿ 2,900. ಪುಟ್ಟಿ, ಪ್ರೈಮರ್ 1,300. ಉಳಿದದ್ದು ಮಾಸ್ಕ್, ಗ್ಲೌಸ್, ವ್ಯಾಕ್ಸ್, ಬ್ರಷ್ ತೊಳೆಯಲು ಬೇಗ ಹೊತ್ತಿಕೊಳ್ಳುವ ಅಸಿಟೋನ್, ರೋಲರ್, ಒಂದು ಡಜನ್ ಬ್ರಷ್. ಬ್ರಷ್ ಅಂತೂ ಲೆಕ್ಕಕ್ಕಿಲ್ಲ, ಐದು ನಿಮಿಷ ತೊಳೆಯಲು ಮರೆತರೆ ಕಲ್ಲು. ಒಟ್ಟು 19,000ದ ಹತ್ತಿರ. ಯಾರ್ಡಿನವರು ಕೇಳಿದ್ದು 22,000. ನನ್ನ ಒಂದೂವರೆ ತಿಂಗಳ ಸಂಜೆಗಳನ್ನು ಲೆಕ್ಕಕ್ಕೆ ಹಿಡಿದರೆ ಇದು ಶುದ್ಧ ನಷ್ಟ. ದುಡ್ಡು ಉಳಿಸಲು ಅಂತ ಇದಕ್ಕೆ ಇಳಿಯಬೇಡಿ. ಮಳೆಗಾಲದ ಮೊದಲು ಬೇಕಿತ್ತು, ಮಾಡುವ ಹುಚ್ಚೂ ಇತ್ತು, ಅಷ್ಟೇ. ಇಳಿಯುವುದಾದರೆ ಡಿಸೆಂಬರ್, ಜನವರಿಯಲ್ಲಿ ಶುರುಮಾಡಿ. ಗಾಳಿ ಒಣಗಿರುತ್ತದೆ, ಆಕಾಶ ನೋಡುವ ಕೆಲಸವಿಲ್ಲ.

ನಾಲ್ಕನೇ ಮುಚ್ಚಳ ಕೂರಿಸಿದ ದಿನ ಅಪ್ಪಯ್ಯ ಏನೂ ಹೇಳಲಿಲ್ಲ. ಅದರ ಮೇಲೆ ಹತ್ತಿ ನಿಂತರು, ಎರಡು ಸಲ ಕುಪ್ಪಳಿಸಿದರು, ಇಳಿದು ಬೀಡಿ ಹಚ್ಚಿದರು. ನಾನು ಓಡಿಹೋಗಿ ಬೀಡಿ ಕಿತ್ತುಕೊಂಡೆ, ಹತ್ತು ಅಡಿ ದೂರದಲ್ಲಿ ಅಸಿಟೋನ್ ಕ್ಯಾನ್ ಬಾಯಿ ತೆರೆದುಕೊಂಡಿತ್ತು.

ಮಿಕ್ಕ ರೆಸಿನಿನಲ್ಲಿ ಐದನೆಯದೊಂದು ಮಾಡಿ ಅಚ್ಚಿನೊಳಗೇ ಬಿಟ್ಟಿದ್ದೇನೆ. ಖಾಲಿ ಅಚ್ಚು ನಿಧಾನಕ್ಕೆ ಬಾಗಬಹುದು, ಒಳಗೊಂದು ಇದ್ದರೆ ಆಕಾರ ಹಿಡಿದುಕೊಳ್ಳುತ್ತದೆ ಅಂತ ಮಾವ ಹೇಳಿದ್ದರು. ಈಗ ಅದು ಹಟ್ಟಿಯ ಅಟ್ಟದ ಮೇಲೆ ಮಗುಚಿಕೊಂಡಿದೆ. ಮಳೆ ಶುರುವಾಗಿದೆ. ಅಪ್ಪಯ್ಯ ಹೊಳೆಯಿಂದ ಬಂದಾಗಲೆಲ್ಲ ಅಟ್ಟ ನೋಡಿ ಕೇಳುತ್ತಾರೆ, "ಅದನ್ನ್ ಯಾವಾಗ ಬಿಡಿಸ್ತೆ?"